ಪಾವತಿ ಎಂದು ಬರೆದ ಬಿಲ್ಲು

ಮಹಾರಾಷ್ಟ್ರದ ಗಡಿಯಲ್ಲಿರುವ ಉಮರ್ಗಾದ ಸುತ್ತಮುತ್ತ ಮನೆಗಳಿಗೆ ಕರೆಂಟಿನ ಫಿಟಿಂಗ್ ಮಾಡಿಕೊಡುವುದು ನನ್ನ ಕಸುಬು. ಇಪ್ಪತ್ತೆಂಟು ವರ್ಷವಾಯಿತು. ಇಷ್ಟು ವರ್ಷದಲ್ಲಿ ನನಗೆ ಕರೆಂಟು ಹೊಡೆದದ್ದು ನಾಲ್ಕು ಸಲ. ಬಿಲ್ಲು ಕೊಡುವಾಗ ಮಾತ್ರ ಪ್ರತಿ ಸಲವೂ ಹೊಡೆದಂತಾಗುತ್ತದೆ.

ಬಿಲ್ಲು ಎನ್ನುವುದಕ್ಕಾದರೂ ಏನಿತ್ತು? ವಾಯರಿನ ಡಬ್ಬಿಯ ರಟ್ಟು ಹರಿದು ಅದರ ಹಿಂದೆ ಬರೆಯುತ್ತಿದ್ದೆ. ರಟ್ಟು ಸಿಗದಿದ್ದರೆ ಹಳೆಯ ಲಗ್ನಪತ್ರಿಕೆಯ ಹಿಂದೆ. ಒಮ್ಮೆ ಗುಂಜೋಟಿಯ ರೈತರೊಬ್ಬರಿಗೆ ಹಾಗೆ ಲೆಕ್ಕ ಬರೆದು ಕೊಟ್ಟಾಗ ಅವರು ಅದನ್ನು ತಿರುವಿ ನೋಡಿ, "ಈ ಲಗ್ನ ಆಗಿ ವರ್ಷ ಆಯ್ತಲ್ರಿ, ಈಗ ಕರೀಲಕತ್ತೀರೇನು?" ಎಂದು ನಕ್ಕರು. ನಾನೂ ನಕ್ಕೆ. ಪತ್ರಿಕೆ ಅವರ ಅಂಗಿಯ ಜೇಬಿಗೆ ಹೋಯಿತು. ಆ ನಗೆಯ ಮೇಲೆ ಮತ್ತೆ ರೊಕ್ಕದ ಮಾತು ಎತ್ತುವುದು ಹೇಗೆ ಎಂದು ಯೋಚಿಸುತ್ತ ನಾನು ಗಾಡಿ ಸ್ಟಾರ್ಟ್ ಮಾಡಿದೆ. ಇನ್ನೂ ಯೋಚಿಸುತ್ತಿದ್ದೇನೆ.

ನನ್ನ ರೋಗದ ಮೂಲ ನನಗೆ ಗೊತ್ತಿದೆ. ನಮ್ಮ ಕಡೆ ಹಾಲು, ಮೊಸರು, ಬೀಗತನ, ಹೊಟ್ಟೆನೋವು ಎಲ್ಲ ಕನ್ನಡದಲ್ಲಿ. ರೇಟು, ಕೋರ್ಟು, ಬಸ್ಸು, ಬ್ಯಾಂಕು ಮರಾಠಿಯಲ್ಲಿ. ಗಿರಾಕಿ ಮರಾಠಿಯಲ್ಲಿ ಮಾತಾಡಿದರೆ ನಾನು ಸಾಧಾರಣ ವ್ಯಾಪಾರಿಯಂತೆ ಇರಬಲ್ಲೆ. "ಪಾಯಿಂಟಿಗೆ ಇಷ್ಟು, ಒಂದು ರೂಪಾಯಿ ಕಡಿಮೆ ಇಲ್ಲ" ಎಂದು ಹೇಳಬಲ್ಲೆ. ಅದೇ ಮನುಷ್ಯ ನನ್ನ ಹಣೆಯ ವಿಭೂತಿ ನೋಡಿ, "ನಮ್ಮವರೇ ಅದೀರಲ್ರಿ, ಯಾವೂರಿನವರು?" ಎಂದು ಕನ್ನಡಕ್ಕೆ ಇಳಿದರೆ ಮುಗಿಯಿತು. ನನ್ನ ನಾಲಿಗೆ ನೆಂಟಸ್ತನಕ್ಕೆ ಕುಳಿತುಬಿಡುತ್ತದೆ. ಎಷ್ಟಾಯಿತು ಎಂದು ಕೇಳಿದರೆ, "ನೀವೇ ತಿಳದು ಕೊಡ್ರಿ" ಎನ್ನುತ್ತೇನೆ. ಅವರು ತಿಳಿದೇ ಕೊಡುತ್ತಾರೆ. ಅವರ ತಿಳಿವಳಿಕೆ ನನ್ನ ಖರ್ಚಿಗಿಂತ ಯಾವಾಗಲೂ ಸ್ವಲ್ಪ ಕಡಿಮೆ ಇರುತ್ತದೆ.

ಈಗ ಹೇಳಬೇಕಾದದ್ದು ನಿಲಂಗಾದ ಒಂದು ಮನೆಯ ವಿಷಯ. ಅಲ್ಲಿಯ ಕಾಳಿನ ಪೇಟೆಯಲ್ಲಿ ರೈತರ ಕಾಳು ಮಾರಿಕೊಡುವ ಅಡತಿ ಅಂಗಡಿ ಇಟ್ಟ ಸಾವಕಾರರೊಬ್ಬರು ಎರಡು ಅಂತಸ್ತಿನ ಹೊಸ ಮನೆ ಕಟ್ಟಿಸಿದರು. ಫಿಟಿಂಗಿನ ಕೆಲಸ ನನಗೆ ಬಂತು. ಅವರೂ ಕನ್ನಡದವರೇ. ಆಗಲೇ ನಾನು ಹೆದರಬೇಕಿತ್ತು.

ನನ್ನ ಜೊತೆ ಹದಿನಾರು ವರ್ಷದಿಂದ ಒಬ್ಬ ವಾಯರಮನ್ ಇದ್ದಾನೆ. ನನಗಿಂತ ಮೂರು ನಾಲ್ಕು ವರ್ಷಕ್ಕೆ ಚಿಕ್ಕವನು. ಕಾಸಾರಶಿರಸಿಯಲ್ಲಿ ಬಾಡಿಗೆಯ ಎರಡು ಕೋಣೆಯಲ್ಲಿ ಇರುತ್ತಾನೆ. ಲೈಸೆನ್ಸು ನನ್ನದು, ಕೈ ಅವನದು. ಮಾಲಿನ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಅವನಿಗೆ, ಅರ್ಧ ನನಗೆ ಎಂಬುದು ನಮ್ಮ ಬಾಯಿಮಾತಿನ ಕರಾರು. ಅವನು ಆ ವರ್ಷ ಕಾಸಾರಶಿರಸಿಯಲ್ಲಿ ಬಸ್ ರಸ್ತೆಯ ಹಿಂದೆ ಒಂದು ಸಣ್ಣ ಪ್ಲಾಟು ಹಿಡಿದಿದ್ದ. ಇಸಾರ, ಅಂದರೆ ಮುಂಗಡ, ಕೊಟ್ಟಾಗಿತ್ತು. ಉಳಿದದ್ದರಲ್ಲಿ ಬಹಳಷ್ಟು ಹೆಂಡತಿಯ ಬಂಗಾರ ಮಾರಿ ಹೊಂದಿಸಿಟ್ಟಿದ್ದ. ನಲವತ್ತು ಸಾವಿರ ಕಡಿಮೆ ಬೀಳುತ್ತಿತ್ತು. ನಿಲಂಗಾದ ಕೆಲಸದಲ್ಲಿ ಮಾಲು ಸಾವಕಾರರದೇ, ಕೂಲಿ ಮಾತ್ರ ನಮ್ಮದು; ಅವನ ಪಾಲು ಹೆಚ್ಚುಕಡಿಮೆ ಅಷ್ಟೇ. ಹೇಳಿದ ತಿಂಗಳ ಕೊನೆಯೊಳಗೆ ಪೂರಾ ಕೊಡದಿದ್ದರೆ ಪ್ಲಾಟೂ ಇಲ್ಲ, ಇಸಾರವೂ ಇಲ್ಲ.

"ಅಣ್ಣಾ, ಈ ಒಂದ ಕೆಲಸದ ರೊಕ್ಕ ವ್ಯಾಳ್ಯಾಕ್ಕ ಬರಬೇಕ್ರಿ," ಎಂದು ಮೊದಲ ದಿನವೇ ಹೇಳಿದ್ದ.

"ಬರ್ತದೋ. ಸಾವಕಾರರು ಭಾಳ ದೊಡ್ಡ ಮನುಷ್ಯಾರು," ಎಂದೆ.

"ಅದಕ್ಕೇ ಹೇಳ್ಲಕತ್ತೀನಿ," ಎಂದ.

ಕೆಲಸ ನಾಲ್ಕು ತಿಂಗಳು ನಡೆಯಿತು. ಒಂದು ಲೈಟಿಗೆ, ಫ್ಯಾನಿಗೆ, ಪ್ಲಗ್ಗಿಗೆ ಗೋಡೆಯಲ್ಲಿ ಮಾಡುವ ಜಾಗಕ್ಕೆ ನಾವು ಪಾಯಿಂಟು ಎನ್ನುತ್ತೇವೆ; ನಮ್ಮ ಕೂಲಿ ಪಾಯಿಂಟಿನ ಲೆಕ್ಕದ ಮೇಲೆ. ಮೊದಲು ಮಾತಾದ ಪಾಯಿಂಟುಗಳು ನಕ್ಷೆಯಲ್ಲಿದ್ದವು. ನಕ್ಷೆಯಲ್ಲಿ ಇಲ್ಲದವು ಸಾವಕಾರರ ಹೆಂಡತಿಯವರ ಮನಸ್ಸಿನಲ್ಲಿದ್ದವು. ಅವರು ದಿನಾ ಮಧ್ಯಾಹ್ನ ಚಹಾದ ಜೊತೆ ಬರುತ್ತಿದ್ದರು.

"ಅಣ್ಣಾರ, ಇಲ್ಲೊಂದ ಮಿಕ್ಸರಿಗಿ ಬೇಕಲ್ರಿ."

"ಆಯ್ತ್ರಿ ಅಕ್ಕಾರ."

"ದೇವರ ಜಗಲಿ ಮ್ಯಾಲೊಂದ ಸಣ್ಣ ಲೈಟ್. ನಮ್ಮ ಅತ್ತಿಯವರಿಗಿ ಕತ್ತಲ್ದಾಗ ಕಾಣೂದಿಲ್ಲ."

"ಆಯ್ತ್ರಿ ಅಕ್ಕಾರ."

"ಮತ್ತ ಇಲ್ಲಿ, ನೋಡ್ರಿ, ಮುಂದ ಏನರೆ ಬೇಕಾದ್ರ ಇರ್ಲಿ ಅಂತ ಒಂದು."

ಮುಂದೆ ಏನಾದರೂ ಬೇಕಾದೀತು ಎಂಬುದಕ್ಕೂ ನಾನು ಆಯ್ತ್ರಿ ಎಂದೆ. ಚಹಾ ಚೆನ್ನಾಗಿರುತ್ತಿತ್ತು. ಹೆಚ್ಚಿನ ಪಾಯಿಂಟು ಮಾಡಿದಾಗೆಲ್ಲ ನಾನು ಅಡುಗೆಮನೆಯ ಗೋಡೆಯ ಗಿಲಾವಿನ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತಿದ್ದೆ. ಕಾಗದ ಕಳೆದು ಹೋಗುತ್ತದೆ, ಗೋಡೆ ಎಲ್ಲಿಗೆ ಹೋಗುತ್ತದೆ ಎಂಬುದು ನನ್ನ ತರ್ಕ. ವಾಯರಮನ್ ಎರಡು ಸಲ ಹೇಳಿದ: "ವಹಿದಾಗ ಬರದು ಅವರ ಸಹಿ ತಗೋರಿ ಅಣ್ಣಾ." ಚಹಾ ಕೊಡುವ ಹೆಣ್ಣುಮಗಳ ಮುಂದೆ ವಹಿ ಹಿಡಿದು ಸಹಿ ಮಾಡಿ ಎನ್ನುವುದೆ? ನನ್ನಿಂದ ಆಗಲಿಲ್ಲ.

ಗೋಡೆ ಎಲ್ಲಿಗೂ ಹೋಗಲಿಲ್ಲ. ಒಂದು ಸೋಮವಾರ ನಾವು ಹೋದಾಗ ಬಣ್ಣದವರು ಅಡುಗೆಮನೆಯನ್ನು ಎಳೆ ಹಸಿರು ಮಾಡಿ ಮುಗಿಸಿದ್ದರು. ಎರಡು ಕೈ ಹೊಡೆದಿದ್ದರು. ನನ್ನ ಲೆಕ್ಕವೆಲ್ಲ ಆ ಹಸಿರಿನ ಒಳಗೆ ಬೆಚ್ಚಗೆ ಕುಳಿತಿತ್ತು. ವಾಯರಮನ್ ಗೋಡೆಯನ್ನು ನೋಡಿದ, ನನ್ನನ್ನು ನೋಡಿದ, ಸಾಮಾನಿನ ಚೀಲ ಎತ್ತಿಕೊಂಡು ಮೇಲಿನ ಅಂತಸ್ತಿಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಹೇಳದಿದ್ದರೂ ಆಗುತ್ತಿತ್ತು, ಆದರೆ ಚಿಂತೆಯನ್ನು ಒಬ್ಬನೇ ಹೊರುವ ತಾಕತ್ತು ನನಗಿಲ್ಲ.

"ಹೊರಗ ಬೋರ್ಡಿನ ಮ್ಯಾಲ ಕಾಂಟ್ರ್ಯಾಕ್ಟರ್ ಅಂತ ಬರಸೀರಿ," ಎಂದಳು, "ಅದನ್ನ ಅಳಿಸಿ ಅನ್ನಛತ್ರ ಅಂತ ಬರಸ್ರಿ. ಬಂದವರಿಗಿ ತಿಳೀತದ."

"ಮುಂದಿನ ಸಲ..."

"ಮುಂದಿನ ಸಲ ಇಲ್ಲ, ಈ ಸಲಾನೇ. ನಮ್ಮ ಉದಗೀರದಾಗ ಪ್ರೆಸ್ ಅದ. ಒಂದು ಬಿಲ್ಲಿನ ಪುಸ್ತಕ ಛಾಪಸ್ರಿ. ಕಾರ್ಬನ್ ಹಾಕಿ ಬರೀರಿ, ಒಂದು ಅವರಿಗಿ, ಒಂದು ನಿಮಗ. ಕೆಲಸ ಮುಗದ ವಾರದಾಗ ಕೊಡ್ರಿ. ಯಾವ ದಿನ ರೊಕ್ಕ ಕೊಡ್ತೀರಿ ಅಂತ ಬಾಯಿ ಬಿಟ್ಟು ಕೇಳ್ರಿ. ಮನಷ್ಯಾರು ಮಾಡೂದು ಇಷ್ಟೇ."

ಉದಗೀರ ಅವಳ ತವರು. ಆದ್ದರಿಂದ ಅಲ್ಲಿಯ ಪ್ರೆಸ್ಸು ಮಾತ್ರ ಪ್ರೆಸ್ಸು. ಹೋದೆ. ಪ್ರೆಸ್ಸಿನ ಮಾಲಕ ಮೇಲೆ ದೊಡ್ಡ ಅಕ್ಷರದಲ್ಲಿ ಏನು ಹಾಕಲಿ ಎಂದು ಮರಾಠಿಯಲ್ಲಿ ಕೇಳಿದ. ಬಿಲ್ಲು ಎನ್ನಲು ನನಗೆ ಮನಸ್ಸಾಗಲಿಲ್ಲ. ಬಿಲ್ಲು ಎಂದರೆ ಕರೆಂಟಿನ ಆಫೀಸಿನವರು ಕಳಿಸುವುದು, ಕಟ್ಟದಿದ್ದರೆ ಫ್ಯೂಜು ಕೀಳುವುದು. ಅಷ್ಟು ಬಿರುಸಿನ ಶಬ್ದ ಸಾವಕಾರರ ಮುಂದೆ ಹಿಡಿಯುವುದು ಹೇಗೆ? ಹರೆಯದಲ್ಲಿ ನಾನು ಕೆಲಸ ಕಲಿತದ್ದು ಗಡಿಯ ಆಚೆ, ಕರ್ನಾಟಕದ ಬಸವಕಲ್ಯಾಣದಲ್ಲಿ. ಅಲ್ಲಿ ನನ್ನ ಉಸ್ತಾದರು ಕೊಡುತ್ತಿದ್ದ ಕಾಗದದ ಕೊನೆಗೆ 'ಪಾವತಿಸಬೇಕಾದ ಮೊತ್ತ' ಎಂದು ಇರುತ್ತಿತ್ತು. ಎಷ್ಟು ಮೆತ್ತನೆಯ, ಮರ್ಯಾದೆಯ ಮಾತು! ಕೊಡಿ ಎನ್ನುವುದಿಲ್ಲ, ಕೊಡಬೇಕಾದದ್ದು ಇದೆ ಎಂದು ಸುಮ್ಮನೆ ತೋರಿಸುತ್ತದೆ. ಅಷ್ಟುದ್ದ ಹಿಡಿಸುವುದಿಲ್ಲವೆಂದು ನಾನು ಹೇಳಿದೆ: "ಪಾವತಿ ಅಂತ ಹಾಕಿ."

ಪ್ರೆಸ್ಸಿನವನಿಗೆ ಬಹಳ ಸಂತೋಷವಾಯಿತು. ಅದರ ನಮೂನೆ ತಯಾರೇ ಇದೆ, ಹೆಸರು ಬದಲಾಯಿಸಿದರೆ ಸಾಕು, ಅರ್ಧ ದಿನದಲ್ಲಿ ಕೊಡುತ್ತೇನೆ ಎಂದ. ನಾನೂ ಸಂತೋಷಪಟ್ಟೆ.

ಮನೆಗೆ ಬಂದು ಮೊದಲ ಪುಟವನ್ನು ಸಾವಕಾರರ ಹೆಸರಿಗೆ ಬರೆದೆ. ಅಕ್ಷರ ದುಂಡಗಿರಲೆಂದು ಮೊದಲು ಹಳೆಯ ಪೇಪರಿನ ಮೇಲೆ ಬರೆದು ನೋಡಿದೆ. ನಕ್ಷೆಯ ಪಾಯಿಂಟುಗಳು ಇಷ್ಟು. ಹೆಚ್ಚಿನವು ಎಷ್ಟು? ನೆನಪಿನಿಂದ ಹದಿನಾಲ್ಕು ಬಂತು. ಒಂದೆರಡು ಹೆಚ್ಚು ಬರೆದುಬಿಟ್ಟೆನೇನೋ ಎಂಬ ಭಯಕ್ಕೆ ಹನ್ನೊಂದು ಮಾಡಿದೆ. ಒಟ್ಟು ಎಂಬತ್ತನಾಲ್ಕು ಸಾವಿರ. ಇಷ್ಟು ದೊಡ್ಡ ಮೊತ್ತ ಬರಿಯ ಕಾಗದದ ಮೇಲೆ ಸಪ್ಪೆಯಾಗಿ ಕಂಡಿತು. ತೂಕ ಬರಲಿ ಎಂದು ಪೋಸ್ಟಿನಿಂದ ಒಂದು ರೂಪಾಯಿಯ ರೆವಿನ್ಯೂ ಟಿಕೇಟು, ಅಂದರೆ ಸ್ಟಾಂಪು, ತಂದು ಕೆಳಗೆ ಹಚ್ಚಿ, ಅದರ ಮೇಲೆ ಅಡ್ಡಲಾಗಿ ಸಹಿ ಮಾಡಿದೆ. ಕನ್ನಡಕ ತೆಗೆದು ದೂರ ಹಿಡಿದು ನೋಡಿದೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ನಾನು ಕಾಂಟ್ರ್ಯಾಕ್ಟರನಂತೆ ಕಂಡೆ.

ನಿಲಂಗಾಕ್ಕೆ ಹೋದಾಗ ಸಾವಕಾರರು ಕಾಳಿನ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಇದ್ದರು. ಅಂಗಡಿಯಲ್ಲಿ ಲೆಕ್ಕ ಬರೆಯುವ ವಯಸ್ಸಾದ ದಿವಾಣಜಿ ಒಬ್ಬರೇ ಇದ್ದರು. ಖರೆ ಹೇಳಬೇಕೆಂದರೆ ಸಾವಕಾರರು ಇಲ್ಲದ್ದು ನೋಡಿ ನನ್ನ ಎದೆ ಹಗುರಾಯಿತು. ಕಾಗದವನ್ನು ದಿವಾಣಜಿಯ ಮುಂದೆ ಇಟ್ಟು, "ಸಾವಕಾರರಿಗಿ ಕೊಡ್ರಿ," ಎಂದು ಹೇಳಿ, ಅವರು ತಲೆ ಎತ್ತುವುದರೊಳಗೆ ಮೆಟ್ಟಿಲು ಇಳಿದೆ. ಯಾವ ದಿನ ರೊಕ್ಕ ಕೊಡುತ್ತೀರಿ ಎಂದು ಬಾಯಿ ಬಿಟ್ಟು ಕೇಳಬೇಕಾದ ಮಾತು ಬಸ್ ಸ್ಟ್ಯಾಂಡ್ ತಲುಪಿದಾಗ ನೆನಪಾಯಿತು.

ಹತ್ತು ದಿನ ಹೋಯಿತು. ಹದಿನೈದು ದಿನ ಹೋಯಿತು. ವಾಯರಮನ್ ಬೆಳಿಗ್ಗೆ ಸಿಕ್ಕಾಗ ನನ್ನ ಮುಖ ನೋಡುತ್ತಿದ್ದ. ಫೋನ್ ಮಾಡಲು ನನಗೆ ಧೈರ್ಯವಿಲ್ಲ. ಕೊನೆಗೆ ಒಂದು ಮೆಸೇಜು ಬರೆದೆ. ಬರೆದು ಅಳಿಸಿ, ಬರೆದು ಅಳಿಸಿ, ಅರ್ಧ ತಾಸಿನ ಮೇಲೆ ಮರಾಠಿ ಅಕ್ಷರದಲ್ಲಿ ಎರಡೇ ಶಬ್ದ ಉಳಿದವು: ನಮಸ್ಕಾರ, ಪಾವತಿ. ಅದರ ಮುಂದೊಂದು ಪ್ರಶ್ನೆಯ ಚಿಹ್ನೆ. ಸಾವಕಾರರ ಉತ್ತರ ಐದು ನಿಮಿಷದಲ್ಲಿ ಬಂತು, ಕೈ ಮುಗಿದ ಚಿತ್ರದ ಜೊತೆ: "ಪಾವತಿ ಮಿಳಾಲಿ. ಧನ್ಯವಾದ." ಮಿಳಾಲಿ, ಅಂದರೆ ಸಿಕ್ಕಿತು.

ಸಿಕ್ಕಿತಂತೆ! ಬಿಲ್ಲು ಕೈ ಸೇರಿದೆ, ಇನ್ನೇನು ರೊಕ್ಕ ಬಂದಂತೆಯೇ ಎಂದು ನಾನು ಹೆಂಡತಿಗೂ ವಾಯರಮನ್‌ಗೂ ಆ ಮೆಸೇಜು ತೋರಿಸಿದೆ. "ಧನ್ಯವಾದ ಅಂತ ಬಿ ಹೇಳ್ಯಾರ ನೋಡು," ಎಂದೆ. ಬಿಲ್ಲು ತಗೊಂಡು ಧನ್ಯವಾದ ಹೇಳುವ ಮನುಷ್ಯ ಭೂಮಿಯ ಮೇಲೆ ಎಲ್ಲಾದರೂ ಇದ್ದಾನೆಯೇ ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಔಷಧಿಯ ಬಾಟಲಿಯ ಮೇಲಿನ ತಾರೀಖನ್ನು ಮೂರು ಸಲ ಓದುವವನು ನಾನು. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ತಿರುಗುವವನು. ಬೇಕಾದ ಕಡೆ ಮಾತ್ರ ಚಿಂತೆ ಬರುವುದಿಲ್ಲ.

ತಿಂಗಳು ಮುಗಿಯಲು ನಾಲ್ಕು ದಿನ ಉಳಿದಾಗ ವಾಯರಮನ್ ಉಮರ್ಗಾದ ಸ್ಟ್ಯಾಂಡಿನ ಮುಂದಿನ ಚಹಾದಂಗಡಿಗೆ ನನ್ನನ್ನು ಕರೆದ. ಪ್ಲಾಸ್ಟಿಕ್ ಚೀಲದಿಂದ ಮಡಿಚಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದ. ಪ್ಲಾಟಿನ ಕಾಗದ. ಮೇಲೆ ದಪ್ಪ ಅಕ್ಷರದಲ್ಲಿ 'ಇಸಾರ ಪಾವತಿ' ಎಂದಿತ್ತು.

"ಇಲ್ಲಿ ನೋಡ್ರಿ, ತಾರೀಖ ಬರದಾರ. ಇದು ದಾಟಿದ್ರ ಮುಗೀತು," ಎಂದ.

ನನ್ನ ಕಣ್ಣು ತಾರೀಖಿನ ಮೇಲೆ ಹೋಗಲಿಲ್ಲ. "ಇಸಾರ ನೀ ಮೊದಲೇ ಕೊಟ್ಟೀಯಲ್ಲ," ಎಂದೆ. "ಮತ್ತ ಅಂವಾ ಪಾವತಿ ಮಾಡು ಅಂತ ಯಾಕ ಬರದಾನ?"

"ಮಾಡು ಅಂತೆಲ್ಲಿ ಬರದಾನ್ರಿ? ಮುಟ್ಯಾದ ಅಂತ ಬರದು ಕೊಟ್ಟಾನ. ಪಾವತಿ ಅಂದ್ರ ಮತ್ತೇನು? ರಸೀದಿ."

ನಾನು ಚಹಾದ ಬಟ್ಟಲು ಕೆಳಗಿಟ್ಟೆ.

ನನಗೆ ಗೊತ್ತಿರಲಿಲ್ಲ ಎಂದಲ್ಲ. ಅದೇ ದೊಡ್ಡ ಹೊಟ್ಟೆಯುರಿ. ಗಣಪತಿಯ ವಂತಿಗೆಗೆ, ಪಂಚಾಯತಿಯ ಕರಕ್ಕೆ, ಸಾಲೆಯ ಫೀಜಿಗೆ ಇಷ್ಟು ವರ್ಷದಲ್ಲಿ ಎಷ್ಟು ಪಾವತಿ ಹರಿಸಿಕೊಂಡಿದ್ದೇನೆ! ಮರಾಠಿಯಲ್ಲಿ ಪಾವತಿ ಎಂದರೆ ರೊಕ್ಕ ಮುಟ್ಟಿದ್ದಕ್ಕೆ ಕೊಡುವ ಚೀಟಿ ಎಂಬುದೂ ಗೊತ್ತಿತ್ತು. ಗಡಿಯಾಚೆಯ ಕನ್ನಡದಲ್ಲಿ ಪಾವತಿಸುವುದು ಎಂದರೆ ರೊಕ್ಕ ಕೊಡುವುದು ಎಂಬುದೂ ಗೊತ್ತಿತ್ತು. ಇವೆರಡೂ ಒಂದೇ ಶಬ್ದ ಎಂಬುದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ತಲೆಯಲ್ಲಿ ಎರಡು ಕೋಣೆ ಮಾಡಿಕೊಂಡು ನಡುವೆ ಬಾಗಿಲಿಡದೆ ಬದುಕಿದರೆ ಹೀಗೇ ಆಗುತ್ತದೆ.

ಮನೆಗೆ ಓಡಿ ಬಂದು ಪುಸ್ತಕ ತೆಗೆದು ಕಾರ್ಬನ್ ಪ್ರತಿ ನೋಡಿದೆ. ಮೇಲೆ 'ಪಾವತಿ'. ನಡುವೆ ನನ್ನ ದುಂಡನೆಯ ಅಕ್ಷರದಲ್ಲಿ ಎಂಬತ್ತನಾಲ್ಕು ಸಾವಿರ. ಪುಟದ ತಳದಲ್ಲಿ, ಪ್ರೆಸ್ಸಿನವನ ತಯಾರು ನಮೂನೆಯ ಇರುವೆಯಂಥ ಅಕ್ಷರದಲ್ಲಿ, 'ವರೀಲ ರಕ್ಕಮ ಮಿಳಾಲಿ', ಮೇಲಿನ ಮೊತ್ತ ಮುಟ್ಟಿದೆ. ಅದರ ಕೆಳಗೆ ನನ್ನ ಸಹಿ.

ಹೆಂಡತಿ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಕಾಗದವನ್ನು ತಳದವರೆಗೂ ಓದಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಟಿಕೇಟ್ ಬಿ ಹಚ್ಚೀರೇನು?"

"ಹಚ್ಚೀನಿ."

"ಅದರ ಮ್ಯಾಲ ಸಹಿ?"

"ಮಾಡೀನಿ."

"ಕೋರ್ಟಿಗಿ ಹೋದ್ರೂ ಏನೂ ನಡಿಯೂದಿಲ್ಲ, ಅಷ್ಟು ಪಕ್ಕಾ ಮಾಡೀರಿ," ಎಂದಳು. "ಜನ್ಮದಾಗ ಒಂದ ಕೆಲಸ ನೆಟ್ಟಗ ಮಾಡೀರಿ, ಅದು ಇದು."

ಮರುದಿನ ಬೆಳಿಗ್ಗೆ ನಿಲಂಗಾದ ಬಸ್ಸು ಹತ್ತಿದೆ; ದಾರಿಯಲ್ಲಿ ಕಾಸಾರಶಿರಸಿಯಲ್ಲಿ ವಾಯರಮನ್ ಹತ್ತಿ ನನ್ನ ಪಕ್ಕದಲ್ಲಿ ಕುಳಿತ. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ರೊಕ್ಕ ಹೋದದ್ದಲ್ಲ, ರೊಕ್ಕ ಮುಟ್ಟಿದೆ ಎಂದು ಸಹಿ ಮಾಡಿಕೊಟ್ಟು ಮತ್ತೆ ಕೇಳಲು ಹೋದರೆ ಸಾವಕಾರರು ನನ್ನನ್ನು ಎಂಥವನೆಂದು ತಿಳಿದುಕೊಂಡಾರು? ಅದನ್ನು ಹೇಳಿದಾಗ ವಾಯರಮನ್ ಕಿಟಕಿಯ ಹೊರಗೆ ನೋಡುತ್ತ, "ಅಣ್ಣಾ, ಅಲ್ಲಿ ನನ್ನ ಪ್ಲಾಟ್ ಅದ್ರಿ," ಎಂದ. ಬಸ್ಸು ಇನ್ನೂ ಕಾಸಾರಶಿರಸಿ ಬಿಟ್ಟಿರಲಿಲ್ಲ.

ಸಾವಕಾರರು ಗಾದಿಯ ಮೇಲೆ ಕುಳಿತಿದ್ದರು. ನಮ್ಮನ್ನು ನೋಡಿ ಮುಖ ಅರಳಿಸಿದರು. "ಬರ್ರಿ ಬರ್ರಿ, ಶರಣಾರ್ಥಿ. ಫಿಟಿಂಗ್ ಭಾಳ ಛಂದ ಆಗ್ಯಾದ್ರಿ. ಚಹಾ ತರಸ್ತೀನಿ."

ಚಹಾ ಬಂತು. ನಾನು ಸೋಯಾಬೀನಿನ ದರ ಕೇಳಿದೆ. ಅವರ ತಾಯಿಯ ಮೊಣಕಾಲಿನ ಬಗ್ಗೆ ಕೇಳಿದೆ. ವಾಯರಮನ್ ತನ್ನ ಬಟ್ಟಲನ್ನು ಸ್ವಲ್ಪ ಸದ್ದಾಗುವಂತೆ ಇಟ್ಟ.

"ಸಾವಕಾರರ," ಎಂದೆ, "ಆ ರೊಕ್ಕದ್ದು..."

"ಯಾವ ರೊಕ್ಕ?"

"ಫಿಟಿಂಗಿಂದು."

ಅವರು ಹುಬ್ಬು ಏರಿಸಿದರು. "ಮುಟ್ಯಾವಲ್ರಿ ನಿಮಗ? ಪಾವತಿ ಕೊಟ್ಟೀರಿ. ನಮ್ಮ ತಮ್ಮ ಕೊಟ್ಟಿರಬೇಕಂತ ನಾ ತಿಳದೀನಿ."

ದಿವಾಣಜಿ ಕೇಳದೆಯೇ ಎದ್ದು, ತಂತಿಗೆ ಚುಚ್ಚಿದ ಕಾಗದಗಳಿಂದ ನನ್ನದನ್ನು ಬಿಡಿಸಿ ತಂದರು. ಟಿಕೇಟು ದೂರದಿಂದಲೇ ಹೊಳೆಯುತ್ತಿತ್ತು. "ಸಹಿ ನಿಮ್ಮದೇ ಅದಲ್ರಿ?" ಎಂದರು.

"ನಂದೇ ಅದ್ರಿ. ಖರೆ ಅದು ಪಾವತಿ ಅಲ್ಲ."

"ಮ್ಯಾಲ ಪಾವತಿ ಅಂತ ಬರದದ."

"ಹಾಂ, ಪಾವತಿ ಅಂತ ಬರದದ. ಪಾವತಿ ಅಂದ್ರ, ಪಾವತಿ ಮಾಡ್ರಿ ಅಂತ."

"ಪಾವತಿ ಮಾಡ್ರಿ ಅಂದ್ರೇನು? ಪಾವತಿ ನೀವು ಮಾಡೀರಿ, ನಾವ್ಯಾಕ ಮಾಡೂಣು?"

"ನಾ ಮಾಡಿದ್ದು ಆ ಪಾವತಿ ಅಲ್ರಿ ದಿವಾಣಜಿ, ನೀವು ಮಾಡೂದು ಈ ಪಾವತಿ."

ಅಡತಿಗೆ ಕಾಳು ತಂದ ಇಬ್ಬರು ರೈತರು ಚೀಲದ ಮೇಲೆ ಕುಳಿತು ಇದನ್ನು ಬಹಳ ಆಸಕ್ತಿಯಿಂದ ಕೇಳುತ್ತಿದ್ದರು. ಒಬ್ಬನು ಇನ್ನೊಬ್ಬನಿಗೆ, "ಯಾರು ಯಾರಿಗಿ ಕೊಡಬೇಕಂತ?" ಎಂದು ಕೇಳಿದ. ಅವನಿಗೂ ತಿಳಿದಿರಲಿಲ್ಲ. ಹೋಗಲಿ ಬಿಡಿ, ನನ್ನದೇ ತಪ್ಪು ಎಂದು ಎದ್ದು ಹೋಗಿಬಿಡುತ್ತಿದ್ದೆ. ದೇವರಾಣೆ, ಮೊಣಕಾಲು ಅರ್ಧ ಎದ್ದಾಗಿತ್ತು.

ಆಗ ವಾಯರಮನ್ ಮಾತಾಡಿದ. ದಿವಾಣಜಿಯ ಕಡೆ ತಿರುಗಿ, "ಅಜ್ಜಾರ, ನಿಮ್ಮ ರೋಜಿನ ವಹಿದಾಗ ಲೆಕ್ಕ ದಿನಾ ಕೂಡ್ತದೇನ್ರಿ?" ಎಂದು ಕೇಳಿದ.

ದಿವಾಣಜಿ ನೆಟ್ಟಗಾದರು. "ನಲವತ್ತು ವರ್ಷ ಆಯ್ತು. ಒಂದ ರೂಪಾಯಿ ಹೆಚ್ಚುಕಮ್ಮಿ ಆಗಿಲ್ಲ."

"ಹಂಗಿದ್ರ ಈ ಎಂಬತ್ನಾಕ ಸಾವಿರ ಹೋದದ್ದು ಅದರಾಗ ಇರಬೇಕಲ್ರಿ."

ದಿವಾಣಜಿ ವಹಿ ತೆಗೆದರು. ನನ್ನ ಕಾಗದದ ತಾರೀಖು ನೋಡಿದರು, ಅದರ ಹಿಂದಿನ ದಿನ ನೋಡಿದರು, ಮುಂದಿನ ವಾರ ಪೂರಾ ನೋಡಿದರು. ಬೆರಳು ಸಾಲಿನಿಂದ ಸಾಲಿಗೆ ಇಳಿಯುವುದನ್ನು ನಾವೆಲ್ಲ ನೋಡುತ್ತಿದ್ದೆವು, ರೈತರೂ ಸೇರಿ. ಸಾವಕಾರರು ಅಷ್ಟರಲ್ಲಿ ತಮ್ಮನಿಗೆ ಫೋನ್ ಹಚ್ಚಿದರು. ಅವರ ತಮ್ಮ ಹೇಳಿದ್ದು ನಮಗೂ ಕೇಳಿಸಿತು: "ನಾ ಎಲ್ಲಿ ಕೊಟ್ಟೀನಿ? ನೀವೇ ಕೊಟ್ಟೀರಂತ ನಾ ಸುಮ್ಮ ಕುಂತೀನಿ!"

ಎಂಬತ್ತನಾಲ್ಕು ಸಾವಿರ ಎಲ್ಲೂ ಸಿಗದೆ ದಿವಾಣಜಿ ವಹಿ ಮುಚ್ಚಿದರು. ಅವರ ಮುಂದೆ ಎರಡೇ ದಾರಿ ಇದ್ದವು. ನನ್ನ ಕಾಗದ ಸರಿಯಾದರೆ ಅವರ ನಲವತ್ತು ವರ್ಷದ ವಹಿ ತಪ್ಪು; ವಹಿ ಸರಿಯಾದರೆ ನನ್ನ ಕಾಗದ ಸುಳ್ಳು. "ನನ್ನ ವಹಿ ತಪ್ಪಿಲ್ಲ," ಎಂದರು ಗಟ್ಟಿಯಾಗಿ. "ಇವರ ಪಾವತಿನೇ ಖೊಟ್ಟಿ."

ನನ್ನನ್ನು ಯಾರಾದರೂ ಸುಳ್ಳು ಕಾಗದ ಬರೆದವನು ಎಂದು ಹತ್ತು ಜನರ ಮುಂದೆ ಹೇಳಿದಾಗ ಇಷ್ಟು ಸಂತೋಷವಾಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಸಾವಕಾರರು ಹೊಟ್ಟೆ ಹಿಡಿದು ನಕ್ಕರು. ಆದರೆ ವ್ಯಾಪಾರಿ ವ್ಯಾಪಾರಿಯೇ. ನಗುತ್ತಲೇ ಕಾಗದವನ್ನು ಮತ್ತೊಮ್ಮೆ ಓದಿ, "ಹೆಚ್ಚಿನ ಪಾಯಿಂಟ್ ಹನ್ನೊಂದು ಅಂತ ಬರದೀರಿ. ಇವು ಯಾವವು?" ಎಂದರು. ನಾನು ಹಸಿರು ಗೋಡೆಯನ್ನು ನೆನೆದೆ. ಎಲ್ಲರೂ ಮನೆಗೇ ಹೋಗಿ ನೋಡೋಣ ಎಂದಾಯಿತು.

ಅಲ್ಲಿ ಅಕ್ಕಾರು ಬಾಗಿಲಲ್ಲೇ ಸಿಕ್ಕರು. ವಿಷಯ ಕೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದರು. "ಬರ್ರಿ, ನಾ ಹೇಳ್ತೀನಿ. ಒಂದೂ ಮರ್ತಿಲ್ಲ ನಾ. ಇದು ಮಿಕ್ಸರಿಂದು. ಇದು ಅತ್ತಿಯವರ ಜಗಲಿಂದು. ಇದು ಟಿವಿ ಇಲ್ಲಿ ಇಡೂಣಂತ, ಇದು ಇಲ್ಲ ಅಲ್ಲಿ ಇಡೂಣಂತ..." ಪ್ರತಿಯೊಂದನ್ನೂ ಬೆರಳಿನಿಂದ ಮುಟ್ಟಿ ತೋರಿಸಿದರು, ಪ್ರತಿಯೊಂದರ ಹಿಂದೆ ಗಂಡನಿಗೆ ಒಂದು ಮಾತು: "ನೀವು ಮನ್ಯಾಗ ಇರ್ತಿದ್ರ ನಾನ್ಯಾಕ ಇದೆಲ್ಲಾ ನೋಡಬೇಕಿತ್ತು?" ಮೇಲಿನ ಅಂತಸ್ತು ಮುಗಿಯುವಾಗ ವಾಯರಮನ್‌ನ ಎಣಿಕೆ ಇಪ್ಪತ್ಮೂರಕ್ಕೆ ಬಂದಿತ್ತು.

"ಹನ್ನೊಂದೇ ಇರ್ಲಿ ಬಿಡ್ರಿ ಅಕ್ಕಾರ," ಎಂದೆ ನಾನು. ಎಂದೇಬಿಟ್ಟೆ. ಬಾಯಿ ತಾನಾಗಿ ತೆರೆಯಿತು.

"ಯಾಕ ಇರ್ಲಿ?" ಎಂದು ಅಕ್ಕಾರು ನನ್ನ ಮೇಲೇ ಬಂದರು. "ಹಂಗಾದ್ರ ಉಳದ ಹನ್ನೆರಡು ಯಾರು ಮಾಡ್ಯಾರ? ನಾ ಸುಳ್ಳ ಹೇಳ್ಲಕತ್ತೀನೇನು?"

ವಾಯರಮನ್ ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟ. "ಇಪ್ಪತ್ಮೂರ ಬರೀರಿ."

ಅಂಗಡಿಗೆ ಮರಳಿ ದಿವಾಣಜಿಯ ಪಕ್ಕದಲ್ಲಿ ಕುಳಿತು ಬರೆದೆ. ಮೇಲೆ ಏನು ಬರೆಯಬೇಕೆಂದು ದಿವಾಣಜಿಯೇ ಹೇಳಿದರು: "ಬಿಲ್ಲು ಅಂತ ಬರೀರಿ. ಹುಡುಗರಿಗಿ ಬಿ ತಿಳೀತದ." ಯಾವ ಕೋಣೆಯಲ್ಲಿ ಎಷ್ಟು ಪಾಯಿಂಟು, ಒಂದಕ್ಕೆ ಎಷ್ಟು ರೇಟು, ಒಟ್ಟು ಎಷ್ಟು, ಯಾವ ತಾರೀಖಿನೊಳಗೆ ಕೊಡತಕ್ಕದ್ದು, ಎಲ್ಲ ಅವರು ಹೇಳಿದಂತೆ ಬರೆದೆ. ಟಿಕೇಟು ಬೇಡವೆಂದರು. ಹಳೆಯ ಕಾಗದದ ಮೇಲೆ ಅಡ್ಡಗೀಟು ಎಳೆಸಿ 'ರದ್ದು' ಎಂದು ಬರೆಸಿದರು. ಇಷ್ಟು ವರ್ಷ ನನಗೆ ಪಾಠ ಹೇಳುವವರೇ ಇರಲಿಲ್ಲವಲ್ಲ ಎಂದುಕೊಂಡೆ. ಆಮೇಲೆ ಹೆಂಡತಿ ನೆನಪಾಗಿ ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಮೊತ್ತ ಈಗ ತೊಂಬತ್ತು ಸಾವಿರ ದಾಟಿತ್ತು. ಸಾವಕಾರರು ಗಲ್ಲಾ ತೆರೆದು ನೋಡಿದರು. ಅವತ್ತು ರೈತರಿಗೆ ಕೊಡಬೇಕಾದದ್ದು ಬಹಳ ಇತ್ತು. "ಇವತ್ತ ನಲವತ್ತು ತಗೋರಿ. ಉಳದದ್ದು ಇದೇ ವಾರದಾಗ, ಯಾವಾಗ ಬೇಕಾದ್ರ ಬರ್ರಿ," ಎಂದರು. ನಲವತ್ತಕ್ಕೆ ರಸೀದಿ ಬರೆದುಕೊಡುವಾಗ ದಿವಾಣಜಿ ನನ್ನ ಕೈಯನ್ನೇ ನೋಡುತ್ತಿದ್ದರು.

ನಲವತ್ತೂ ವಾಯರಮನ್‌ಗೆ ಕೊಟ್ಟೆ. ದೊಡ್ಡಸ್ತಿಕೆ ಏನೂ ಅಲ್ಲ. ಅವನು ಕೈ ಚಾಚಿಕೊಂಡೇ ಇದ್ದ.

ಎರಡು ದಿನದ ಮೇಲೆ, ತಾರೀಖು ಮುಗಿಯುವ ಮೊದಲೇ, ಕಾಸಾರಶಿರಸಿಯಲ್ಲಿ ಪ್ಲಾಟಿನ ಮಾಲಕನಿಗೆ ರೊಕ್ಕ ಎಣಿಸಿ ಕೊಟ್ಟಾಯಿತು. ಸಾಕ್ಷಿಗೆ ನನ್ನನ್ನೂ ಕರೆದಿದ್ದ. ನಾನು ಪ್ರತಿ ಸಾಲನ್ನೂ ಎರಡೆರಡು ಸಲ ಓದಿದೆ. ಮಾಲಕನಿಗೆ ಬೇಸರ ಬಂದು ಬೀಡಿ ಹಚ್ಚಿದ. ಖರೇದಿಪತ್ರದ ನೋಂದಣಿಗೆ ತಾರೀಖು ಗೊತ್ತುಮಾಡಿದರು. ವಾಯರಮನ್ ಪ್ಲಾಟಿನ ನಾಲ್ಕೂ ಮೂಲೆಗೆ ಹೋಗಿ, ಪ್ರತಿ ಮೂಲೆಯಲ್ಲೂ ಚಪ್ಪಲಿಯಿಂದ ಮಣ್ಣು ಒತ್ತಿ ಬಂದ. ಅಲ್ಲಿ ಜಾಲಿಯ ಗಿಡವೊಂದರ ಹೊರತು ಏನೂ ಇರಲಿಲ್ಲ. ಆದರೂ ಅವನು ಪೂರ್ವದ ಕಡೆ ಕೈ ಮಾಡಿ, "ಮೀಟರ್ ಇಲ್ಲಿ ಕೂಡ್ರಸೂಣು, ಮಳಿ ಬಡಿಯೂದಿಲ್ಲ," ಎಂದ. ನಾನು ಹೂಂ ಎಂದೆ. ಗೋಡೆ ಇಲ್ಲದ ಮೀಟರು ಗಾಳಿಯಲ್ಲಿ ಎಲ್ಲಿ ನಿಲ್ಲುತ್ತದೆ ಎಂಬ ಚಿಂತೆ ನನಗೆ ಬಂತು, ಆದರೆ ಹೇಳಲಿಲ್ಲ.

ರಸ್ತೆಗೆ ಬಂದಾಗ ಒಂದು ಬಸ್ಸು ನಿಂತಿತ್ತು. ಉಮರ್ಗಾದ ಕಡೆಗಲ್ಲ, ನಿಲಂಗಾದ ಕಡೆಗೆ.

"ನಡೀರಿ ಅಣ್ಣಾ," ಎಂದ ವಾಯರಮನ್.

"ಎಲ್ಲಿಗಿ?"

"ಸಾವಕಾರರ ಕಡಿಗಿ. ನಿಮ್ಮ ಪಾಲು ಇನ್ನೂ ಅಲ್ಲೇ ಅದಲ್ಲ."

"ಏ, ಮೊನ್ನಿ ಹೋಗಿ ಬಂದೀವೋ. ಇವತ್ತ ಮತ್ತ ಹೋದ್ರ ಅವರು ಏನ ತಿಳಕೋತಾರ? ಮುಂದಿನ ವಾರ ನೋಡೂಣು. ಇಲ್ಲಾಂದ್ರ ಒಂದು ಮೆಸೇಜ್ ಬರೀತೀನಿ..."

ನಾನು ಮಾತು ಮುಗಿಸಿದಾಗ ಎದುರಿಗೆ ಯಾರೂ ಇರಲಿಲ್ಲ. ಅವನು ಬಸ್ಸಿನ ಒಳಗಿದ್ದ. ಕಿಟಕಿಯಿಂದ ಎರಡು ಬೆರಳು ತೋರಿಸಿ, ಕಂಡಕ್ಟರನಿಗೆ ಮರಾಠಿಯಲ್ಲಿ ಎರಡು ನಿಲಂಗಾ ಎಂದು ಹೇಳುತ್ತಿದ್ದ.